ಎದೆಯ ಬಾಣಂತನ

ಪಾದದ ಮೇಲೆ ಬಿಸಿಲಿನ ಒಂದು ಚೂರು ಬಿದ್ದಿದೆ, ಗಾಜಿನ ಹೆಂಚಿನಿಂದ ಇಳಿದದ್ದು, ಈ ಕೋಣೆಗೆ ಬರುವ ಬಿಸಿಲು ಇಷ್ಟೇ, ಕಿಟಕಿಗೆ ಅತ್ತೆ ಗೋಣಿಚೀಲ ಕಟ್ಟಿದ್ದಾರೆ, ಗಾಳಿ ತಗಲಬಾರದಂತೆ — ಆ ಚೂರು ಬಿಸಿಲಲ್ಲಿ ಪಾದ ಮಿರಮಿರ ಹೊಳೆಯುತ್ತಿದೆ, ಇಷ್ಟು ಹೊಳೆಯಬಾರದು, ನನ್ನ ಪಾದ ಯಾವತ್ತೂ ಇಷ್ಟು ಚಂದ ಇರಲಿಲ್ಲ, ಇದು ಒಳಗೆ ನೀರು ತುಂಬಿಕೊಂಡ ಹೊಳಪು. ಬಗ್ಗಿ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳು ಒತ್ತಿ ಹಿಡಿಯುತ್ತೇನೆ, ಒಂದು, ಎರಡು, ಮೂರು, ನಾಲ್ಕು, ಐದು, ಬಿಟ್ಟರೆ ಗುಳಿ ಅಲ್ಲೇ ನಿಂತಿದೆ, ಬಿಸಿ ಮುದ್ದೆಗೆ ಬೆರಳೊತ್ತಿದ ಹಾಗೆ. ಹೋದ ವಾರ ಇಷ್ಟಿರಲಿಲ್ಲ, ಅದರ ಹಿಂದಿನ ವಾರ ಇರಲೇ ಇಲ್ಲ. ದಿನಾ ಬೆಳಗ್ಗೆ ಒತ್ತಿ ನೋಡ್ಕೊಮ್ಮಾ, ಗುಳಿ ನಿಂತ್ರೆ ಎದೆ ಸೋಲ್ತಾ ಇದೆ ಅಂತ ಅರ್ಥ, ಅಂದಿದ್ದರು ವೇಲೂರು ಆಸ್ಪತ್ರೆಯ ವ್ಯಾಯಾಮದ ಅಕ್ಕ. ಸೋಲ್ತಾ ಇದೆ. ಹಾಗಾದರೆ ಎದೆ ಸೀಳಿಸಿಕೊಂಡು ಗೇಣುದ್ದದ ಹೊಲಿಗೆ ಹಾಕಿಸಿಕೊಂಡು ಬಂದದ್ದು ಯಾತಕ್ಕೆ. ಟಿಕ್, ಟಿಕ್, ಟಿಕ್ — ಒಳಗೆ ಹೊಸ ಕವಾಟದ ಗೋಲಿ ಮೇಲೆ ಕೆಳಗೆ ಆಡುತ್ತಿದೆ, ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ, ಅದರ ಪಾಡಿಗೆ ಅದು ಕೆಲಸ ಮಾಡಿಕೊಂಡಿದೆ, ಅದರ ಮೇಲೆ ನನ್ನದೇನೂ ದೂರಿಲ್ಲ. ದೂರಿರುವುದು ಮಂಚದ ಕೆಳಗಿನ ಕೆಂಡದ ಮೇಲೆ, ಸಾಂಬ್ರಾಣಿ ಹೊಗೆಯ ಮೇಲೆ, ಕಿವಿಗೆ ತುರುಕಿದ ಹತ್ತಿಯ ಮೇಲೆ, ತಲೆಗೆ ಬಿಗಿದಿರುವ ಹಳೇ ಸೀರೆಯ ತುಂಡಿನ ಮೇಲೆ, ದೃಷ್ಟಿಗೆಂದು ಹೊಸಿಲಿಗೆ ಅಡ್ಡ ಇಟ್ಟ ಪೊರಕೆ ಕುಡುಗೋಲಿನ ಮೇಲೆ. ಅತ್ತೆಯ ಮೇಲೆ? ಅವರ ಮೇಲೆ ಹೇಗೆ ದೂರು ಹೇಳಲಿ, ಹೇಳಿದರೆ ನಾಲಗೆ ಬಿದ್ದುಹೋದೀತು. ಹತ್ತು ವಾರವಾಯಿತು, ಈ ಮನೆಯಲ್ಲಿ ನಾನು ಬಾಣಂತಿಯಾಗಿ ಮಲಗಿದ್ದೇನೆ. ಮಗುವಿಲ್ಲದ ಬಾಣಂತಿ.

ವೇಲೂರಿನಲ್ಲಿ ಗೋಡೆಯೆಲ್ಲ ಬಿಳಿ, ವರಾಂಡ ಉದ್ದ, ಈ ತುದಿಯಿಂದ ಆ ತುದಿಗೆ ಅರವತ್ತು ಹೆಜ್ಜೆ, ಮೊದಲ ದಿನ ನಾನು ಹಾಕಿದ್ದು ನಾಲ್ಕು, ಐದನೆಯದಕ್ಕೆ ಕಾಲು ಏಳಲೇ ಇಲ್ಲ, ಅಕ್ಕ ಬಗಲಿಗೆ ಕೈ ಕೊಟ್ಟು ನಿಂತರು — ಕೋಲಾರದ ಕಡೆಯವರು, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುತ್ತಿದ್ದರು, ಏಮ್ಮಾ ಅನುಸೂಯಮ್ಮಾ, ಡಾಕ್ಟರು ಹೊಸ ಬಾಗಿಲು ಹಾಕಿದ್ದಾರೆ, ಆದ್ರೆ ಮನೆ ಹಳೇದೇ ಕಣಮ್ಮಾ, ಮುರುಕು ಬಾಗಿಲ ಹಿಂದೆ ನಿಂತು ತಳ್ಳೀ ತಳ್ಳೀ ಗೋಡೆ ಸುಸ್ತಾಗಿದೆ, ಅದಕ್ಕೆ ಶಕ್ತಿ ಬರ್ಬೇಕಂದ್ರೆ ನಡೀಬೇಕು, ಮಲಗಿದ್ರೆ ಬರಲ್ಲ. ಎಷ್ಟು ನಡೀಬೇಕಕ್ಕ ಅಂದೆ. ಮಾತಾಡ್ಕೊಂಡು ನಡಿ, ಮಾತು ಸಲೀಸಾಗಿ ಬರ್ತಾ ಇರೋವರ್ಗೂ ನಡೀತಾ ಇರು, ಮಾತು ತುಂಡಾಯ್ತೋ ನಿಂತ್ಕೊ, ಉಸಿರು ಬಂದ್ಮೇಲೆ ಮತ್ತೆ ಹೊರಡು, ನಿನಗೆ ಬೇರೆ ಗಡಿಯಾರ ಬೇಡ. ಹಾಗಾಗಿ ಆ ವರಾಂಡದಲ್ಲಿ ಬೆಳಗಾದರೆ ಎಲ್ಲರೂ ಹುಚ್ಚರ ಹಾಗೆ ಮಾತಾಡಿಕೊಂಡು ನಡೆಯುವವರೇ, ಜೋಲಾರಪೇಟೆಯ ಮುದುಕರೊಬ್ಬರು ರೈಲು ನಿಲ್ಲುವ ಊರುಗಳನ್ನು ಸಾಲಾಗಿ ಹೇಳುತ್ತಿದ್ದರು, ಚಿತ್ತೂರಿನ ಹೆಂಗಸು ತನ್ನ ನಾದಿನಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬೈಯುತ್ತಿದ್ದಳು, ಏಳು ಜನ ನಾದಿನಿಯರು, ಆಕೆಗೇ ಎಲ್ಲರಿಗಿಂತ ಮೊದಲು ಗುಣವಾಯಿತು. ನನಗೆ ಮಾತು ಕಡಿಮೆ. ಏನು ಹೇಳಲಿ ಎಂದರೆ ನಿಮ್ಮೂರಲ್ಲಿ ಏನೇನ್ ಬೆಳೀತಾರೆ ಹೇಳು ಅಂದರು ಅಕ್ಕ, ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು, ಹರಳು, ಹಿಪ್ಪುನೇರಳೆ, ದ್ರಾಕ್ಷಿ, ದ್ರಾಕ್ಷಿ ಅನ್ನುವಷ್ಟರಲ್ಲಿ ಗೋಡೆ ಬಂದಿತ್ತು, ತಿರುಗಿ ನೋಡಿದರೆ ಅಷ್ಟುದ್ದ ದಾರಿ ನಾನೇ ನಡೆದದ್ದು, ಅಲ್ಲೇ ಅತ್ತುಬಿಟ್ಟೆ. ಬರುವಾಗ ಒಂದು ಹಾಳೆ ಬರೆದುಕೊಟ್ಟರು — ಮೊದಲನೇ ವಾರ ಅಂಗಳ, ಎರಡನೇ ವಾರ ಬೀದಿ, ನಾಲ್ಕನೇ ವಾರ ಒಂದು ಫರ್ಲಾಂಗು, ಎಂಟನೇ ವಾರ ಅರ್ಧ ಮೈಲಿ, ಮೂರನೇ ತಿಂಗಳಿಗೆ ಇಲ್ಲಿಗೆ ಬಾ, ಇದೇ ವರಾಂಡದಲ್ಲಿ ನಡೆಸಿ ನೋಡ್ತೀನಿ. ನಡೆಯೋಕೆ ಆಗದೆ ಬಂದ್ರೆ ಅಕ್ಕ? ಹಂಗೆ ಬಂದವರ್ನೂ ನೋಡಿದೀನಮ್ಮಾ, ಅಂದು ಪೆನ್ನಿನ ಮುಚ್ಚಳ ಹಾಕಿ ಕಿಟಕಿಯ ಕಡೆ ತಿರುಗಿದರು. ಅಷ್ಟರಲ್ಲೇ ನನಗೆ ತಿಳಿಯಿತು. ವೇಲೂರಿಗೆ ಹೋಗಲು ಇನ್ನು ಒಂಬತ್ತೇ ದಿನ, ನಾನಿನ್ನೂ ಅಂಗಳ ದಾಟಿಲ್ಲ, ಹಾಳೆ ಟ್ರಂಕಿನಲ್ಲಿ ಮಡಿಸಿದಂತೆಯೇ ಇದೆ.

ನನ್ನ ಅತ್ತೆ ಕದಿರಮ್ಮ ಅಂದರೆ ನಮ್ಮ ದೊಡ್ಡಬಳ್ಳಾಪುರದ ಕಡೆಯ ಮಧುರೆ ಸುತ್ತಿನ ಹಳ್ಳಿಗಳಿಗೆಲ್ಲ ಬಾಣಂತನದ ಕದಿರಮ್ಮ, ತವರಿಲ್ಲದವರು, ತಾಯಿ ಕೈಲಾಗದವರು, ಎರಡನೇ ಹೆರಿಗೆಯವರು, ಎಲ್ಲರಿಗೂ ಇವರೇ ಬೇಕು, ಇವರು ಎರೆದು ಕಟ್ಟಿದ ಮೈ ಅರವತ್ತು ವರ್ಷವಾದರೂ ಸೊಂಟ ನೋವು ಅನ್ನುವುದಿಲ್ಲವಂತೆ, ಎಷ್ಟು ಜನಕ್ಕೆ ಮಾಡಿದ್ದೀರಿ ಅತ್ತೆ ಅಂದರೆ ಎಣ್ಸಿದ್ರೆ ದೃಷ್ಟಿ ಆಗತ್ತೆ ಕಣೆ ಅನ್ನುತ್ತಾರೆ. ಊರಿಗೆಲ್ಲ ಮಾಡಿದವರಿಗೆ ತನ್ನ ಸೊಸೆಗೆ ಮಾಡುವ ಭಾಗ್ಯ ಬರಲಿಲ್ಲ. ಎಪ್ಪತ್ನಾಲ್ಕರಲ್ಲಿ, ನನಗೆ ಐದು ತಿಂಗಳು ತುಂಬಿದಾಗ, ನೀರು ಸೇದಲು ಹೋದವಳು ಬಾವಿಕಟ್ಟೆಗೆ ಒರಗಿ ಕೂತೆ, ಉಸಿರು ಒಳಗೆ ಹೋಗುತ್ತಿಲ್ಲ, ಕೆಮ್ಮಿದರೆ ನೊರೆಯಲ್ಲಿ ರಕ್ತ, ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಎತ್ತಿಕೊಂಡು ಹೋದರು, ಮಗು ಅಲ್ಲೇ ಹೋಯಿತು, ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಚಿಕ್ಕೋಳಿದ್ದಾಗ ಕೀಲೆಲ್ಲ ಊದ್ಕೊಂಡು ಜ್ವರ ಬಂದಿತ್ತೇನಮ್ಮ ಅಂದರು, ಬಂದಿತ್ತು, ಚನ್ನರಾಯಪಟ್ಟಣದಲ್ಲಿ, ತವರಿನಲ್ಲಿ, ಒಂಬತ್ತು ವರ್ಷದವಳು, ಅಮ್ಮ ಸತ್ತ ಮರುವರ್ಷ, ಅಪ್ಪ ಹುಳಿಸೊಪ್ಪಿನ ಕಾವು ಕೊಟ್ಟರು, ಜ್ವರ ಬಿಟ್ಟಿತು ಅಂದುಕೊಂಡೆವು, ಬಿಟ್ಟಿರಲಿಲ್ಲ, ಎದೆಯ ಕವಾಟದೊಳಗೆ ಹೋಗಿ ಕೂತಿತ್ತು. ಆ ಮಗುವಿಗೆಂದು ಅತ್ತೆ ಒಂದು ಮಡಕೆ ತುಂಬಿಟ್ಟಿದ್ದರು, ಬಾಣಂತಿ ಖಾರಕ್ಕೆ ಮೆಣಸು, ಹಿಪ್ಪಲಿ, ಒಣಶುಂಠಿ, ಬಜೆಯ ತುಂಡು, ಒಗೆದೊಗೆದು ಮೆತ್ತಗಾದ ಸೀರೆಯ ಹರಕುಗಳು. ಮಗು ಹೋದ ಮೇಲೆ ಮಡಕೆಯನ್ನು ಅಟ್ಟದ ಮೇಲಿಟ್ಟು ಬಾಯಿ ಕಟ್ಟಿದರು, ಅದರ ಮಾತೇ ಎತ್ತಲಿಲ್ಲ. ಮತ್ತೆ ಎರಡು ವರ್ಷವಾದ ಮೇಲೆ ವೇಲೂರಿನಿಂದ ಬಂದ ದಿನ, ನನ್ನ ರವಿಕೆ ಸರಿಸಿ ಹೊಲಿಗೆ ನೋಡಿದರು, ಮೇಲಿನಿಂದ ಕೆಳಗಿನ ತನಕ ಕಣ್ಣಲ್ಲೇ ಸವರಿದರು, ಏಣಿ ಹಾಕಿ ಅಟ್ಟ ಹತ್ತಿ ಆ ಮಡಕೆ ಇಳಿಸಿದರು. ಹೊಟ್ಟೆ ಬಿಚ್ಚಿದ್ರೂ ಹಸಿಮೈನೇ, ಎದೆ ಬಿಚ್ಚಿದ್ರೂ ಹಸಿಮೈನೇ, ನಂಗ್ಯಾರೂ ಹೇಳ್ಕೊಡೋದು ಬ್ಯಾಡ, ಅಂದರು.

ಮೊದಲ ಸಲ ಎರೆದಾಗ — ಹೊಲಿಗೆಗೆ ನೀರು ತಾಗದ ಹಾಗೆ ಅಡ್ಡ ಕೈ ಹಿಡಿದು, ಬೆನ್ನಿಗೆ ಮಾತ್ರ ಬಿಸಿನೀರು, ಚೊಂಬು ಚೊಂಬಾಗಿ — ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಅಮ್ಮ ಸತ್ತಮೇಲೆ ನನ್ನ ಬೆನ್ನನ್ನು ಇನ್ನೊಬ್ಬರು ಉಜ್ಜಿದ್ದು ಅದೇ ಮೊದಲು, ನೋವೇನೆ ಅಂದರು, ಇಲ್ಲ ಅತ್ತೆ ಅಂದೆ. ಆ ಕೈಗೆ ಹೇಗೆ ಬೇಡ ಅನ್ನಲಿ. ನಾಲ್ಕನೇ ದಿನ ಧೈರ್ಯ ಮಾಡಿ ಹಾಳೆ ಓದಿ ಹೇಳಿದೆ, ನಡಿಗೆಯೇ ಔಷಧ ಅಂತೆ ಅತ್ತೆ ಎಂದೆ, ಅವರು ಬೆಳ್ಳುಳ್ಳಿ ಸುಲಿಯುತ್ತ, ನಡ್ಯೋದೇ ಔಷ್ದ ಆಗಿದ್ರೆ ನಮ್ಮೂರಾಗೆ ಒಬ್ರೂ ಸಾಯ್ತಿರ್ಲಿಲ್ಲ, ಎಲ್ರೂ ಹೊಟ್ಟೆಗೆ ನಡ್ದು ನಡ್ದೇ ಸಾಯ್ತಾ ಇರೋದು, ಅಂದರು, ನನಗೆ ನಗು ಬಂದುಬಿಟ್ಟಿತು, ನಕ್ಕರೆ ಎದೆಯ ಮೂಳೆ ನೋಯುತ್ತದೆ, ದಿಂಬು ಅವುಚಿಕೊಂಡು ನಕ್ಕೆ, ಅಲ್ಲಿಗೆ ಹಾಳೆಯ ಕಥೆ ಮುಗಿಯಿತು. ಯಜಮಾನರಿಗೆ ಹೇಳಿದೆ. ಬೈಲಪ್ಪನವರು ಬೆಂಗಳೂರಿನ ಕಾರ್ಖಾನೆಗೆ ಕೋಳಿ ಕೂಗುವ ಹೊತ್ತಿಗೇ ಬಸ್ಸು ಹಿಡಿಯುವವರು, ಆ ಕಾರ್ಖಾನೆಯ ದಯದಿಂದಲೇ ನನಗೆ ವೇಲೂರು ಕಂಡದ್ದು, ಒಳ್ಳೆಯವರು, ಆದರೆ ಅವ್ವನ ಎದುರು ನಿಂತರೆ ಐದು ವರ್ಷದ ಮಗುವಾಗುತ್ತಾರೆ, ನೋಡಾಣ ಕಣೆ, ನಾನೇ ಹೇಳ್ತೀನಿ ಅಂದರು, ನೋಡುತ್ತಲೇ ಇದ್ದಾರೆ. ಅವರು ಅವ್ವನಿಗೆ ಹೇಳಬೇಕಾದದ್ದು ಎರಡು. ನಡಿಗೆ ಒಂದು. ಇನ್ನೊಂದನ್ನು ಡಾಕ್ಟರು ನಮ್ಮಿಬ್ಬರನ್ನೇ ಕೂರಿಸಿ ಬಾಗಿಲು ಹಾಕಿ ಹೇಳಿದ್ದು — ಗೋಲಿಯ ಮೇಲೆ ರಕ್ತ ಗಡ್ಡೆ ಕಟ್ಟದ ಹಾಗೆ ಈ ಮಾತ್ರೆ ದಿನಾ ತಗೋಬೇಕು, ಜೀವ ಇರೋವರೆಗೂ, ಮಾತ್ರೆ ಇರೋವರೆಗೂ ಮಗು ಬೇಡ, ಮಾತ್ರೆ ಮಗೂಗೆ ವಿಷ, ಬಸಿರು ನಿನ್ನೆದೆಗೆ ಭಾರ, ಮತ್ತೆ ಆದ್ರೆ ನಿನ್ನ ಉಳಿಸೋಕೆ ನಮ್ ಕೈಲಾಗಲ್ಲ. ಯಜಮಾನರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಲು ಹೋಗಿ ಮೂರು ಕಡ್ಡಿ ಗೀರಿದರು, ಒಂದೂ ಹತ್ತಲಿಲ್ಲ, ನೀನಿದ್ರೆ ಸಾಕು ಅಂದರು, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆದರೆ ಅತ್ತೆಗೆ? ಅತ್ತೆ ಈ ಬಾಣಂತನ ಮಾಡುತ್ತಿರುವುದೇ ಮುಂದಿನದಕ್ಕೆ. ಈ ಮೈ ಗಟ್ಟಿ ಆಗ್ಲಿ, ಆಮೇಕೆ ನೋಡು ಅಂತ ದಿನಾ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ ಅನ್ನುತ್ತಾರೆ, ನಾನು ಗೋಡೆಯ ಕಡೆ ಮುಖ ಮಾಡುತ್ತೇನೆ.

ಬಿಸಿಲಿನ ಚೂರು ಕಣಕಾಲಿಗೆ ಬಂತು. ಹಿತ್ತಲಲ್ಲಿ ಸೌದೆ ಒಟ್ಟುವ ಸದ್ದು, ಹಂಡೆಗೆ ಬೆಂಕಿ ಹಾಕುತ್ತಿದ್ದಾರೆ, ಇನ್ನರ್ಧ ಗಂಟೆಗೆ ಬಂದು ಕರೆದೊಯ್ಯುತ್ತಾರೆ, ಎರೆಯುತ್ತಾರೆ, ಕಟ್ಟುತ್ತಾರೆ, ಮಲಗಿಸುತ್ತಾರೆ, ನಾಳೆ ಗುಳಿ ಇನ್ನೂ ಆಳ, ನಾಳಿದ್ದು ಮೊಣಕಾಲು, ಆಮೇಲೆ ಹೊಟ್ಟೆ, ಆಮೇಲೆ ಮೂರು ದಿಂಬು ಸಾಲದೆ ಕೂತೇ ನಿದ್ದೆ, ನನಗೆ ಗೊತ್ತು, ಆಪರೇಷನ್ನಿಗೆ ಮುಂಚೆ ಆ ದಾರಿಯಲ್ಲಿ ಒಮ್ಮೆ ಹೋಗಿ ಬಂದಿದ್ದೇನೆ. ಇಲ್ಲ. ಏಳುತ್ತೇನೆ. ಎದ್ದೆ. ಕಾಲು ನನ್ನದಲ್ಲವೇನೋ ಅನ್ನುವಷ್ಟು ಮರಗಟ್ಟಿದೆ, ಗೋಡೆ ಹಿಡಿದೆ, ಕಿವಿಯ ಹತ್ತಿ ಕಿತ್ತೆ, ಪೊರಕೆ ದಾಟಿದೆ, ಕುಡುಗೋಲು ದಾಟಿದೆ, ನಡುಮನೆ, ಹೊಸಿಲು, ಜಗಲಿ, ಮೂರು ಮೆಟ್ಟಿಲು, ಅಂಗಳ — ಗಾಳಿ, ಎಷ್ಟು ದಿನವಾಗಿತ್ತು, ಸಗಣಿಯ ವಾಸನೆ ಕೂಡ ಹಿತವಾಗಿದೆ. ಎದುರುಮನೆ ಜಗಲಿಯಲ್ಲಿ ಮಾರಕ್ಕ ಮೊರ ಹಿಡಿದು ರಾಗಿ ಕೇರುತ್ತಿದ್ದಳು, ಕೈ ಹಾಗೇ ನಿಂತಿತು, ಕದಿರಕ್ಕ, ಬಾ ಇಲ್ಲಿ, ನಿನ್ ಬಾಣಂತಿ ಬೀದಿಗ್ ಬಂದವ್ಳೆ. ಅತ್ತೆ ಬಂದರು, ಕೈಯಲ್ಲಿ ಕೊಳ್ಳಿ ಹಾಗೇ ಇತ್ತು, ಕೂಗಲಿಲ್ಲ, ಅವರು ಕೂಗುವವರಲ್ಲ, ಒಳೀಕ್ ನಡಿ ಅಂದರು ಅಷ್ಟೇ. ನಾನು ಜಗಲಿಯ ಮೇಲೆ ಕೂತು ಸೀರೆ ಮೇಲೆತ್ತಿ ಕಾಲು ತೋರಿಸಿದೆ, ನೀವೇ ಒತ್ತಿ ನೋಡಿ ಅತ್ತೆ. ಕೊಳ್ಳಿಯನ್ನು ಮಣ್ಣಿಗೆ ತಿಕ್ಕಿ ಆರಿಸಿ, ಕುಕ್ಕರಗಾಲಲ್ಲಿ ಕೂತು, ಮಸಿ ಹತ್ತಿದ ಹೆಬ್ಬೆರಳಿಂದ ಒತ್ತಿದರು, ತೆಗೆದರು, ಗುಳಿಯ ಸುತ್ತ ಮಸಿಯ ಉಂಗುರ, ಗುಳಿ ಏಳಲಿಲ್ಲ, ಅವರೂ ಏಳಲಿಲ್ಲ, ನೋಡುತ್ತಲೇ ಇದ್ದರು, ಎಷ್ಟೋ ಕಾಲುಗಳನ್ನು ತಿಕ್ಕಿದ ಕೈ, ಅದಕ್ಕೆ ತಿಳಿಯದೇ ಇರುತ್ತದೆಯೇ. ಹಿಂಗೇ ಆಗಿತ್ತು, ಪಾಪಮ್ಮನ ಕಾಲು, ಅಂದರು ಮೆಲ್ಲಗೆ. ಪಾಪಮ್ಮ ಯಾರೆಂದು ಈ ಊರಲ್ಲಿ ಎಲ್ಲರಿಗೂ ಗೊತ್ತು, ಅತ್ತೆಯ ಕೈಯಲ್ಲಿ ಎದ್ದು ನಿಲ್ಲದೆ ತೀರಿಹೋದ ಬಾಣಂತಿ ಅವಳೊಬ್ಬಳೇ.

ಮಲಗೀ ಮಲಗೀ ಬಂದಿರೋದು ಅತ್ತೆ ಇದು, ಇವತ್ತೊಂದಿನ ನನ್ ಮಾತು ಕೇಳಿ, ಫರ್ಲಾಂಗ್ ಕಲ್ಲಿನ ತನಕ ಜತೇಲಿ ಬನ್ನಿ, ಸುಸ್ತಾದ್ರೆ ಅಲ್ಲೇ ಕೂತ್ಕೊತೀನಿ, ಆಮೇಲೆ ನೀವ್ ಹೇಳ್ದಂಗೆ ಮಲಗ್ತೀನಿ — ಈ ಮನೆಗೆ ಬಂದ ಆರು ವರ್ಷದಲ್ಲಿ ಇಷ್ಟು ಉದ್ದ ಮಾತು ಅವರೆದುರು ಆಡಿದ್ದಿಲ್ಲ. ಕಲ್ಲಿನ ತಂಕ, ಅಷ್ಟೇ, ಅಂದರು. ಜಾರಿದ ತಲೆಬಟ್ಟೆಯನ್ನು ಮತ್ತೆ ಕಿವಿ ಮುಚ್ಚುವ ಹಾಗೆ ಬಿಗಿದರು, ಬಿಗಿಯಲಿ, ಅಷ್ಟು ಬಿಟ್ಟುಕೊಡುತ್ತೇನೆ. ಹೊರಟೆವು. ನಾನು ಮಾತು ಶುರುಮಾಡಿದೆ, ಅತ್ತೆ ಈ ಬೇಲಿ ಯಾವಾಗ ಹಾಕಿದ್ದು, ಅತ್ತೆ ಆ ಎಮ್ಮೆ ಗಬ್ಬವಾ, ಬಾಯಿ ಮುಚ್ಕೊಂಡು ನಡಿಯೇ, ಉಸ್ರು ಉಳ್ಸ್ಕೊ ಅಂದರು, ಇಲ್ಲ ಅತ್ತೆ, ಮಾತಾಡ್ಲೇಬೇಕು, ಮಾತು ನಿಂತ್ರೆ ನಾನೂ ನಿಲ್ಬೇಕು, ಹಂಗೆ ವೇಲೂರಿನವರ ಕಟ್ಟಳೆ. ಮಂತ್ರ ಇದ್ದಂಗಾ? ಹೂಂ ಅತ್ತೆ, ಮಂತ್ರ ಇದ್ದಂಗೆ. ಹಾಗಂದ ಮೇಲೆ ಅವರು ತಲೆಯಾಡಿಸಿದರು, ಕಟ್ಟಳೆ ಅಂದರೆ ಅವರಿಗೆ ತಿಳಿಯುತ್ತದೆ. ನಲವತ್ತು ಹೆಜ್ಜೆಗೆ ಮಾತು ತುಂಡಾಯಿತು, ನಿಂತೆ, ಟಿಕ್‌ಟಿಕ್ ಜೋರಾಯಿತು, ಅತ್ತೆ ನನ್ನ ಎದೆಗೆ ಕಿವಿಯಿಟ್ಟು ಕೇಳಿದರು, ಬಸುರಿ ಹೊಟ್ಟೆಗೆ ಇಡುವ ಹಾಗೇ, ಓಡ್ತಾ ಐತೆ ಅಂದರು, ನಿಧಾನ ಆಯ್ತದೆ ತಾಳಿ ಅಂದೆ, ಇಬ್ಬರೂ ಕಾದೆವು, ಆಯ್ತು, ನಡಿ ಅಂದರು. ಅವರೇ ಅಂದರು, ನಡಿ ಅಂತ. ಮತ್ತೆ ಅರವತ್ತು ಹೆಜ್ಜೆ, ಮತ್ತೆ ನಿಂತೆವು. ಹಿಂದಿನಿಂದ ಗಂಗಣ್ಣನ ಗಾಡಿ ಬಂತು, ಹುಲ್ಲು ಹೇರಿಕೊಂಡು ಮಧುರೆ ಕಡೆಗೆ, ಎತ್ತು ನಿಲ್ಲಿಸಿ ಕೆಳಗೇ ಇಳಿದುಬಿಟ್ಟ, ಅಯ್ಯೋ ಎದೆ ಕೊಯ್ಸ್ಕೊಂಡ ಮಗೀನ ನಡೆಸ್ತೀಯಾ ಕದಿರಕ್ಕ, ಹತ್ಸು ಮ್ಯಾಕೆ, ಹುಲ್ಲಿನ ಮ್ಯಾಲೆ ಹಾಸ್ಗೆ ಇದ್ದಂಗ್ ಐತೆ, ಎಲ್ಲಿಗೆ ಹೇಳು ಬಿಟ್ಬತ್ತೀನಿ. ಎಲ್ಲಿಗೂ ಇಲ್ಲ ಗಂಗಣ್ಣ, ಸುಮ್ನೆ ನಡೀತಾ ಇದೀವಿ ಅಂದೆ. ಸುಮ್ನೆ ಯಾರಾದ್ರೂ ನಡೀತಾರಾ, ಅವನಿಗೆ ನಂಬಿಕೆಯೇ ಆಗಲಿಲ್ಲ, ಅತ್ತೆ ಆಗಲೇ ಗಾಡಿಯ ಮುಂದಿನ ಮೂಕಿಮರ ಹಿಡಿದಿದ್ದರು, ಕಣ್ಣಲ್ಲೇ ಹತ್ತು ಅನ್ನುತ್ತಿದ್ದರು, ಹುಲ್ಲು ಮೆತ್ತಗೆ, ಕಾಲು ಭಾರ, ಒಳ್ಳೆಯ ಜನ, ಇಷ್ಟು ಒಳ್ಳೆಯ ಜನರ ನಡುವೆ ನಾನು ಉಳಿಯುವುದು ಹೇಗೆ. ಬೇಡ ಅತ್ತೆ ಅಂದೆ. ಅತ್ತೆ ಮೂಕಿ ಬಿಟ್ಟರು. ಓಗಪ್ಪ ಗಂಗಣ್ಣ, ಇದು ಅವಳ್ ಕಟ್ಟಳೆ ಅಂದರು. ಗಾಡಿ ಹೋಯಿತು, ಒಂದೆರಡು ಹುಲ್ಲಿನ ಎಳೆ ರಸ್ತೆಗೆ ಬಿದ್ದವು.

ಕಲ್ಲು ಬಂತು. ಕಿಲೋಮೀಟರಿನ ಹೊಸ ಕಲ್ಲು ನೆಟ್ಟು ಎಷ್ಟೋ ವರ್ಷವಾದರೂ ಈ ಹಳೇ ಫರ್ಲಾಂಗು ಕಲ್ಲನ್ನು ಯಾರೂ ಕಿತ್ತಿಲ್ಲ, ಮುಟ್ಟಿದೆ, ಬಿಸಿಲಿಗೆ ಬೆಚ್ಚಗಿತ್ತು, ಕೂತು ಸುಧಾರಿಸಿಕೊಂಡೆ, ನಾನು ನಡೆದೆ, ನಾಲ್ಕು ಸಲ ನಿಂತು ನಡೆದೆ ಆದರೂ ನಡೆದೆ, ಮೈಯೆಲ್ಲ ಬೆವರು, ಬೆವರಿನ ಒಳಗೆ ಒಂದು ಸಂತೋಷ, ಅದನ್ನು ಹೇಗೆ ಹೇಳುವುದು. ಅತ್ತೆ, ಇನ್ನೊಂದು ಕಲ್ಲು. ಕಲ್ಲಿನ ತಂಕ ಅಂದಿದ್ದೆ, ಅಂದರು. ಇನ್ನೊಂದೇ. ನನ್ನ ಮುಖ ನೋಡಿದರು, ಮುಖದಲ್ಲಿ ಏನು ಕಂಡರೋ, ಅವರ ಮುಖವೂ ಸಡಿಲವಾಯಿತು, ಬಣ್ಣ ಬಂದದೆ ಕಣೆ ನಿಂಗೆ ಅಂದರು, ಹೊರಟೆವು, ನಾನು ರಾಗಿ ಹುರುಳಿ ಅವರೆ ಎಲ್ಲ ಹೇಳಿ ಮುಗಿಸಿದೆ, ವೇಲೂರಿನ ಇಡ್ಲಿ ಸಣ್ಣದು ಅಂದೆ, ಏಳು ಜನ ನಾದಿನಿಯರ ಕಥೆ ಹೇಳಿದೆ, ಅತ್ತೆ ನಕ್ಕರು, ಅವರು ನಗುವುದು ಅಪರೂಪ, ನಕ್ಕು ಸೆರಗಿಂದ ಬಾಯಿ ಒರೆಸಿಕೊಂಡು, ಸರಿ ಬಿಡು, ನಿಂಗೆ ಇಂಗೇ ಗುಣ ಆಗೋದಾದ್ರೆ ಇಂಗೇ ಆಗ್ಲಿ, ದಿನಾ ಬರಾಣ, ನಂದೇನ್ ಹೋಗೋದು, ಮುಂದ್ಲ ಯುಗಾದಿ ಒತ್ಗೆ ಒಂದು ಕೂಸು ಈ ಸೊಂಟದ ಮ್ಯಾಲಿದ್ರೆ ಸಾಕು ಅಂದರು, ತಮ್ಮ ಸೊಂಟ ತಟ್ಟಿ ತೋರಿಸಿದರು. ನಾನು ಮಾತಾಡಬೇಕಿತ್ತು. ಮಾತು ನಿಂತರೆ ನಿಲ್ಲಬೇಕು. ಬೆಳೆ ಮುಗಿದಿತ್ತು, ಇಡ್ಲಿ ಮುಗಿದಿತ್ತು, ನಾದಿನಿಯರು ಮುಗಿದಿದ್ದರು, ಬಾಯಲ್ಲಿ ಉಳಿದಿದ್ದದ್ದು ಅದೊಂದೇ. ಕೂಸು ಬರಲ್ಲ ಅತ್ತೆ, ಅಂದೆ. ದಿನಾ ತಗೊಳೋ ಆ ಮಾತ್ರೆ ಐತಲ್ಲ, ಅದು ಮಗೂಗೆ ಆಗಲ್ಲ, ಅದನ್ನ ಬಿಟ್ರೆ ನಾನು ಉಳಿಯಲ್ಲ, ಮತ್ತೆ ಬಸಿರಾದ್ರೆ ಈ ಎದೆ ತಡೆಯಲ್ಲ ಅಂತ ಡಾಕ್ಟರು ಹೇಳವ್ರೆ, ಇನ್ಯಾವತ್ತೂ ಬೇಡ ಅಂತ, ಹತ್ತು ವಾರದಿಂದ ನಿಮ್ಗೆ ಹೇಳ್ಬೇಕು ಹೇಳ್ಬೇಕು ಅಂತ ಇದ್ದೆ, ನೀವು ಕಾಲಿಗೆ ಎಣ್ಣೆ ತಿಕ್ಕೋವಾಗೆಲ್ಲ ಹೇಳ್ಬೇಕು ಅನ್ಕೊತಿದ್ದೆ, ಆಗ್ತಿರ್ಲಿಲ್ಲ. ಮಾತು ಎಲ್ಲೂ ತುಂಡಾಗಲಿಲ್ಲ. ಅದೇ ನನಗೆ ವಿಚಿತ್ರ, ನಾಚಿಕೆ ಕೂಡ, ಇಂಥ ಮಾತು ಇಷ್ಟು ಸಲೀಸಾಗಿ, ಒಂದೇ ಉಸಿರಿಗೆ, ನಡೆಯುತ್ತ ನಡೆಯುತ್ತಲೇ.

ಅತ್ತೆ ನಿಂತರು. ನಾನೂ ನಿಂತೆ. ಬೈಲಂಗೆ ಗೊತ್ತಾ, ಅಂದರು. ಗೊತ್ತು ಅತ್ತೆ. ಅವರು ನನ್ನನ್ನು ನೋಡಲಿಲ್ಲ, ಪಕ್ಕದ ಹುರುಳಿ ಹೊಲ ನೋಡಿದರು, ಹೊಲದಲ್ಲಿ ಏನೂ ಇರಲಿಲ್ಲ, ಕುಯ್ಲು ಆಗಿತ್ತು, ಮಧುರೆಯ ಕಡೆಯಿಂದ ಬಸ್ಸೊಂದು ಬಂದು ದೂಳೆಬ್ಬಿಸಿ ಹೋಯಿತು, ದೂಳು ಇಳಿಯುವ ತನಕ ಅವರು ಹಾಗೇ ನಿಂತಿದ್ದರು, ಈಗ ತಿರುಗಿ ಮನೆಗೆ ಹೋಗುತ್ತಾರೆ, ಮಡಕೆಯ ಬಾಯಿ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ, ನಾಳೆಯಿಂದ ನನ್ನ ಬೆನ್ನಿಗೆ ನೀರು ಹಾಕುವವರಿಲ್ಲ, ಆಗಲಿ, ಅದು ನನ್ನ ಪಾಲಿನದು, ಹೇಳದೆ ಎಣ್ಣೆ ತಿಕ್ಕಿಸಿಕೊಂಡದ್ದಕ್ಕಿಂತ ಇದು ವಾಸಿ. ಅತ್ತೆ ತಿರುಗಿದರು. ಮನೆಯ ಕಡೆಗಲ್ಲ. ಎರಡನೇ ಕಲ್ಲಿನ ಕಡೆ ಮುಖ ಮಾಡಿ ನನ್ನ ಮುಂದೆ ಹೊರಟರು, ನಾನು ನಿಂತೇ ಇದ್ದೆ, ಆಗ ಅವರ ಬಲಗೈ ಹಿಂದಕ್ಕೆ ಬಂತು, ಮಸಿ ಹತ್ತಿದ ಕೈ, ಅಂಗೈ ನನ್ನ ಕಡೆಗೆ, ಬೆರಳೆಲ್ಲ ಬಿಡಿಸಿಕೊಂಡು. ಮಾತಾಡು ಅಂದರು. ತಿರುಗಿ ನೋಡದೆ ಅಂದರು, ದನಿ ಅವರದಲ್ಲ, ನೆಗಡಿಯಾದವರ ದನಿ, ಮಾತಾಡು ಕಣೆ, ನಿಂತ್ಕೊಬ್ಯಾಡ. ನಾನು ಹೆಜ್ಜೆ ಹಾಕಿದೆ. ಏನು ಮಾತಾಡಲಿ ಅತ್ತೆ. ಏನಾರ ಆಡು. ರಾಗಿ, ಅಂದೆ. ಊಂ. ಹುರುಳಿ, ಅಂದೆ. ಊಂ. ಸೆರಗಿನ ಒಂದು ತುದಿ ಅವರ ಮುಖದ ಕಡೆ ಹೋಯಿತು, ಎಡಗೈಯಲ್ಲಿ, ಒರೆಸಿಕೊಂಡರೋ ಬಾಯಿಗೆ ಒತ್ತಿಕೊಂಡರೋ ನನಗೆ ಕಾಣಲಿಲ್ಲ, ನನ್ನ ಕಣ್ಣಿಗೆ ಇದ್ದದ್ದು ಬಲಗೈ, ಅದು ಹಿಂದಕ್ಕೇ ಇತ್ತು, ಅವರು ಒಂದು ಹೆಜ್ಜೆ ಹಾಕಿದರೆ ಅದೂ ಒಂದು ಹೆಜ್ಜೆ ಮುಂದೆ, ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಅವರೆ, ಹುಚ್ಚೆಳ್ಳು, ನನ್ನ ದನಿಯೂ ಹೋಯಿತು, ಉಸಿರಿಲ್ಲದೆ ಅಲ್ಲ, ಉಸಿರು ಬೇಕಾದಷ್ಟಿದೆ, ಅಳುವಿಗೆ ಹೋಯಿತು. ಮಾತು ತುಂಡಾದರೆ ನಿಲ್ಲಬೇಕು, ಅಳುವಿಗೆ ತುಂಡಾದರೆ ಏನು ಮಾಡಬೇಕೆಂದು ಅಕ್ಕ ಹೇಳಿರಲಿಲ್ಲ. ಅತ್ತೆಯೂ ಊಂ ಅನ್ನುತ್ತಿಲ್ಲ. ಎರಡನೇ ಕಲ್ಲು ಇನ್ನೂ ದೂರ, ಮುಂದೆ ಆ ಕೈ, ಬೆರಳ ಸಂದಿಯಲ್ಲಿ ಬೂದಿ, ನಾನು ನಡೆಯುತ್ತಿದ್ದೇನೆ, ಮಾತಿಲ್ಲದೆ ನಡೆಯುತ್ತಿದ್ದೇನೆ, ಇನ್ನೊಂದು ಹೆಜ್ಜೆಗೆ ಸಿಗುತ್ತದೆ, ಹಿಂದಕ್ಕೆ ಚಾಚಿಕೊಂಡ ಆ ಕೈ, ಬರಿ ಕೈ, ಐದು ಬೆರಳೂ ಬಿಡಿಸಿಕೊಂಡು —